ತೊಳೆದ ಮಣ್ಣು

ಮೂರನೆಯ ರೊಟ್ಟಿ ಹಂಚಿನ ಮೇಲಿತ್ತು, ನಾಲ್ಕನೆಯದು ನನ್ನ ಅಂಗೈಯಡಿ ಅಗಲವಾಗುತ್ತಿತ್ತು. ಅಂಗಳದಲ್ಲಿ ಸೈಕಲ್ ಗಂಟೆ ಮೊಳಗತೊಡಗಿತು; ನಿಲ್ಲಲೇ ಇಲ್ಲ. ನನ್ನ ಏಳು ವರ್ಷದ ಮಗಳು ಗುರವ್ವ ಬಾಗಿಲಿಗೆ ಓಡಿ, ಅಷ್ಟೇ ಜೋರಾಗಿ ಒಳಗೆ ಓಡಿ ಬಂದಳು.

"ಅವ್ವಾ, ಈರಯ್ಯನೋರು ಬಂದಾರ. ಸೈಕಲ್ ಮ್ಯಾಲಿಂದ ಇಳಿವಲ್ರು."

ಈರಯ್ಯನವರು ತಿಕೋಟಾದ ಗ್ರಾಮಸೇವಕರು. ಸರಕಾರ ಕೊಟ್ಟ ಬೀಜದ ಪೊಟ್ಟಣಗಳನ್ನು ಚೀಲದಲ್ಲಿ ಹಾಕಿಕೊಂಡು ಹೊಲ ಹೊಲ ತಿರುಗುವ ತೆಳ್ಳನೆಯ ಮನುಷ್ಯ. ಒಂದು ಕಾಲು ನಮ್ಮ ಕಟ್ಟೆಗೆ ಊರಿ, ಇನ್ನೊಂದು ಕಾಲನ್ನು ಪೆಡಲಿನ ಮೇಲೆಯೇ ಇಟ್ಟು ಒಂದು ಚೀಟಿ ಬೀಸುತ್ತಿದ್ದರು.

"ಅಕ್ಕಾರ, ಒಲಿ ಆರಸ್ರಿ. ಒಂಬತ್ತರ ಬಸ್ಸಿಗೆ ವಿಜಾಪೂರಕ್ಕ ಹೋಗೂಣು. ನಿಮ್ಮ ಕೋಬಿ ಮಡಿಗೆ ಔಷಧ ಮಂಜೂರ ಆಗೇತಿ."

"ಮಣ್ಣಿಗೆ ಔಷಧೇನ್ರಿ?" ಎಂದರು ನಮ್ಮ ಅತ್ತೆ ಕಾಳವ್ವ, ದನದ ಕೊಟ್ಟಿಗೆಯಿಂದ ತಲೆ ಹೊರಗೆ ಹಾಕಿ. "ಮಣ್ಣಿಗೇನು ಕೆಮ್ಮು ಬಂದೈತಿ?"

"ಕೆಮ್ಮಲ್ರಿ ಅವ್ವಾರ, ಅದಕ್ಕಿಂತ ಕೆಟ್ಟ ಜಡ್ಡು."

"ಹಂಗಾರ ನಾಡಿ ಹಿಡದು ನೋಡಿದವರು ಯಾರು? ನೀವೇ ಏನು?"

ನಾನು ನಗುತ್ತಲೇ ಹಿಟ್ಟಿನ ಕೈ ತೊಳೆದುಕೊಂಡೆ. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಅದನ್ನು ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಎಲೆಕೋಸಿಗೆ ನಮ್ಮ ಕಡೆ ಕೋಬಿ ಎನ್ನುತ್ತಾರೆ. ನನ್ನ ತವರು ಬಬಲೇಶ್ವರ. ಅಲ್ಲಿ ಅಪ್ಪನ ಬಾವಿಯ ತೋಟದಲ್ಲಿ ಕೋಬಿ ಬೆಳೆಯುವುದನ್ನು ಕಲಿತವಳು ನಾನು. ಮದುವೆಯಾಗಿ ತಿಕೋಟಾಕ್ಕೆ ಬಂದ ಮೇಲೆ ಮಾವ ಗುರಲಿಂಗಪ್ಪನವರು ಬಾವಿಯ ಪಕ್ಕದ ಹತ್ತು ಗುಂಟೆಯ ತುಂಡನ್ನು ನನ್ನ ಕೈಗೆ ಕೊಟ್ಟರು. ಉಳಿದ ಹೊಲವೆಲ್ಲ ಜೋಳ, ಹತ್ತಿ. ಅಲ್ಲಿ ಗಂಡಸರದೇ ಮಾತು. ಈ ತುಂಡಿನಲ್ಲಿ ಮಾತ್ರ ಏನು ಬಿತ್ತಬೇಕು, ಯಾವಾಗ ನೀರು ಬಿಡಬೇಕು ಎಂದು ನನ್ನನ್ನು ಕೇಳುತ್ತಿದ್ದರು. ಆರು ವರ್ಷ ಗಡ್ಡೆಗಳು ನನ್ನ ತೋಳಿನಲ್ಲಿ ಎರಡಕ್ಕಿಂತ ಹೆಚ್ಚು ಹಿಡಿಸದಷ್ಟು ದಪ್ಪ ಬಂದವು. ಆಮೇಲಿನ ಎರಡು ವರ್ಷ ಸಸಿಗಳು ಹೊಲಕ್ಕೆ ಹೋಗುವ ಮೊದಲೇ, ಬಿತ್ತಿದ ಮಡಿಯಲ್ಲೇ ಸತ್ತವು. ಹಿಂದಿನ ಸಂಜೆ ಹಸಿರಾಗಿ ನಿಂತ ಸಸಿಯ ಬುಡ ಬೆಳಗಾಗುವಷ್ಟರಲ್ಲಿ ಕಂದಾಗಿ, ನೂಲಿನಷ್ಟು ಸಣ್ಣದಾಗಿ, ತಲೆ ಮಣ್ಣಿಗೆ ಮಲಗಿರುತ್ತಿತ್ತು. ಬೀಜ ಬದಲಿಸಿದೆ, ನೀರು ಕಡಿಮೆ ಮಾಡಿದೆ, ಬೂದಿ ಹಾಕಿದೆ. ಏನೂ ಆಗಲಿಲ್ಲ.

"ಇದೊಂದು ಸಲ ನೋಡು ಯವ್ವಾ," ಎಂದಿದ್ದರು ಮಾವ, ಕಾರಹುಣ್ಣಿಮೆಯ ದಿನ. "ಈ ಸಲಾನೂ ಅಗಿ ಸತ್ತರ ಅಲ್ಲಿ ನಿಂಬಿ ಹಚ್ಚತೇನಿ. ನಿಂಬೀನ ಗಂಡಸರು ನೋಡ್ಕೋತಾರ. ನೀ ದಿನಾ ಮಡಿ ಮುಂದ ಕುಂತು ಅಳೂದೂ ತಪ್ಪತೈತಿ."

ಅಗಿ ಎಂದರೆ ಸಸಿ. ಮಾವ ಬೈದು ಹೇಳಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಅವರು ಮೆತ್ತಗೆ ಹೇಳಿದರು. ಅವರ ಮಗ್ಗುಲಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದ ಗುರವ್ವ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಔಷಧದ ಅಂಗಡಿ. ಸೈಫುದ್ದೀನ ಎಂಬ ಕಂಪೌಂಡರ್ ಚೀಟಿಯನ್ನು ಎರಡು ಸಲ ಓದಿ, ಕನ್ನಡಕದ ಮೇಲಿಂದ ನಮ್ಮನ್ನು ನೋಡಿದ. "ಫಾರ್ಮಾಲಿನ್ ಅಂದ್ರ ದವಾಖಾನ್ಯಾಗ ಗಾಜಿನ ಭರಣಿಯೊಳಗ ಏನೇನೋ ಇಡಾಕ ಒಯ್ತಾರ್ರಿ. ನೀವೇನು ಕೋಬಿ ಉಪ್ಪಿನಕಾಯಿ ಹಾಕವ್ರೇನು?"

"ಮಣ್ಣು ತೊಳೀಬೇಕ್ರಿ," ಎಂದೆ ನಾನು.

"ಮಣ್ಣು ತೊಳದ್ರ ಏನು ಉಳೀತೈತಿ?" ಎಂದು ನಗುತ್ತ, ಬಾಟಲಿಯ ಬಿರಡೆಗೆ ಮೇಣ ಹಚ್ಚಿ, ಗೋಣಿತಟ್ಟಿನಲ್ಲಿ ಸುತ್ತಿ ಕೊಟ್ಟ. "ಕೂಸಿನ ಕೈಯಾಗ ಕೊಡಬ್ಯಾಡ್ರಿ. ಮೂಸಿ ನೋಡಬ್ಯಾಡ್ರಿ."

ಮೂಸುವ ಅವಶ್ಯಕತೆಯೇ ಬೀಳಲಿಲ್ಲ. ತೊರವಿ ದಾಟುವಷ್ಟರಲ್ಲಿ ಬಸ್ಸಿನ ಕುಲುಕಾಟಕ್ಕೆ ಮೇಣ ಬಿರುಕು ಬಿಟ್ಟು, ನನ್ನ ಸುತ್ತಲಿನವರೆಲ್ಲ ಸೆರಗಿನಿಂದ, ರುಮಾಲಿನಿಂದ ಕಣ್ಣು ಒರೆಸಿಕೊಳ್ಳತೊಡಗಿದರು. ಮುಂದಿನ ಸ್ಟಾಪಿನಲ್ಲಿ ಬುಟ್ಟಿ ಹೊತ್ತು ಹತ್ತಿದ ಮುದುಕಿಯೊಬ್ಬಳು ನಮ್ಮನ್ನೆಲ್ಲ ನೋಡಿ ಬಾಗಿಲಲ್ಲೇ ನಿಂತಳು. "ಯಾರು ಸತ್ತಾರ ಬೇ ಯವ್ವಾ? ಬಸ್ಸಿನ್ಯಾಗಿನ ಮಂದಿ ಎಲ್ಲಾ ಅಳಾಕತ್ತೀರಿ."

"ಯಾರೂ ಸತ್ತಿಲ್ಲ ಆಯಿ," ಎಂದರು ಈರಯ್ಯನವರು, ತಮ್ಮ ಕಣ್ಣೂ ಒರೆಸಿಕೊಳ್ಳುತ್ತ. "ಸಾಯಬಾರದು ಅಂತನ ಈ ತಯಾರಿ."

ಕಂಡಕ್ಟರ್ ನಮ್ಮ ಬಾಟಲಿಯನ್ನು ಬಸ್ಸಿನ ಛಾವಣಿಗೆ ಏರಿಸಿದ. ಅಲ್ಲಿಂದ ತಿಕೋಟಾದ ತನಕ ನಾನು ಕಿಡಕಿಯ ಹೊರಗೆ ಕತ್ತು ಚಾಚಿ, ಮೇಲಿಂದ ಏನಾದರೂ ಬೀಳುವ ಸಪ್ಪಳ ಬರುತ್ತದೇನೋ ಎಂದು ಕಿವಿಗೊಟ್ಟು ಕುಳಿತೆ.

ಮರುದಿನ ಮುಂಜಾನೆಯೇ ಶುರು ಮಾಡಿದೆವು. ಮೂರು ಮೊಳ ಅಗಲ, ಹದಿಮೂರು ಮೊಳ ಉದ್ದದ ಹೊಸ ಮಡಿ. ಹಳೆಯ ಮಡಿ ಬಾವಿಯ ಕಾಲುವೆ ಪಕ್ಕದಲ್ಲಿತ್ತು. ಹೊಸದನ್ನು ತುಂಡಿನ ಇನ್ನೊಂದು ತುದಿಗೆ ಮಾಡಿದ್ದೆ. ಒಂದು ಪಾಲು ಔಷಧಕ್ಕೆ ಐವತ್ತು ಪಾಲು ನೀರು. ಅಡಿಗೆಮನೆಗೆ ಮತ್ತೆ ಬರಬಾರದೆಂದು ಒಂದು ಹಳೆಯ ಡಬ್ಬಿಯನ್ನೇ ಅಳತೆಗೆ ಇಟ್ಟುಕೊಂಡೆ. ಗುರವ್ವನನ್ನು ಗಾಳಿ ಬೀಸಿ ಬರುವ ಕಡೆಗೆ, ಬೇವಿನ ಗಿಡದ ಕೆಳಗೆ ಕೂಡ್ರಿಸಿ, "ನೀ ಲೆಕ್ಕ ಹಿಡಿ" ಎಂದೆ. ಸಾಲಿಯಲ್ಲಿ ಅವಳು ಇಪ್ಪತ್ತೊಂಬತ್ತರಿಂದ ನೇರ ನಲವತ್ತಕ್ಕೆ ಜಿಗಿಯುತ್ತಿದ್ದಳು. ಅವತ್ತು ಒಂದೂ ಬಿಡಲಿಲ್ಲ. "ಐವತ್ತು" ಎಂದು ಕೂಗಿದಾಗ ಬಾವಿಯ ದಂಡೆಯಲ್ಲಿ ಎತ್ತುಗಳೇ ತಿರುಗಿ ನೋಡಿದವು.

ಗುರವ್ವನ ಅಪ್ಪ ಮೂಗಿಗೆ ಒದ್ದೆ ಪಂಜೆ ಕಟ್ಟಿಕೊಂಡು ನೀರು ಸುರಿದರು. ನಾನು, ಈರಯ್ಯನವರು ಹಿಂದೆ ಹಿಂದೆ ಒದ್ದೆ ಗೋಣಿತಟ್ಟು ಹಾಸುತ್ತ ಹೋದೆವು. ಮೇಲೆ ಬಂಡಿಯ ತಾಡಪತ್ರಿ ಎಳೆದು, ಅಂಚಿಗೆಲ್ಲ ಕಲ್ಲು ಹೇರಿದೆವು. ನಮ್ಮ ಕಣ್ಣು ಕೆಂಪಾಗಿದ್ದವು, ಎಲ್ಲರೂ ನಗುತ್ತಿದ್ದೆವು.

"ಒಳಗ ಹೊಗಿ ತುಂಬಿದಂಗ ಔಷಧದ ಗಾಳಿ ತುಂಬತೈತಿ," ಎಂದರು ಈರಯ್ಯನವರು. "ಮಣ್ಣಿನ್ಯಾಗಿನ ಜಡ್ಡು ಉಸುರು ಕಟ್ಟಿ ಸಾಯತೈತಿ. ಎಂಟು ದಿನ ಮುಚ್ಚಬೇಕು. ತಗದ ಮ್ಯಾಲೆ ಎರಡು ವಾರ ಗಾಳಿಗೆ ಬಿಡಬೇಕು, ಇಲ್ಲಾಂದ್ರ ಬೀಜಾನೂ ಸಾಯತೈತಿ. ಇನ್ನೊಂದು ಮಾತು ಅಕ್ಕಾರ, ಹಳೆ ಮಡಿ ಮಣ್ಣು ಒಂದು ಹಿಡಿನೂ ಇಲ್ಲಿ ಬರಬಾರದು. ಕುರ್ಪಿಗೆ ಹತ್ತಿದ್ದೂ ಬರಬಾರದು, ಕಾಲಿಗೆ ಹತ್ತಿದ್ದೂ ಬರಬಾರದು. ತೊಳದ ಮಣ್ಣಿನ್ಯಾಗ ಜಡ್ಡು ಹೊಕ್ಕರ ಅದನ್ನ ತಡಿಯಾಕ ಒಳಗ ಯಾರೂ ಇರಂಗಿಲ್ಲ. ಓಡ್ಯಾಡಕೋತ ತಿಂತೈತಿ."

ಈ ಮಾತನ್ನು ನಾನು ಮಂತ್ರದಂತೆ ಹಿಡಿದೆ. ಕುರ್ಪಿ, ಸಲಿಕೆ ಎಲ್ಲವನ್ನೂ ಕುದಿಯುವ ನೀರಿನಲ್ಲಿ ತೊಳೆದೆ. ಹೊಸ ಮಡಿಯ ಹತ್ತಿರ ಬರುವವರ ಚಪ್ಪಲಿ ಬಿಡಿಸಿ, ಕಾಲಿಗೆ ನೀರು ಹಾಕಿಸಿದೆ. ಮಾವನವರನ್ನೂ ಬಿಡಲಿಲ್ಲ.

"ಗುಡಿಗೆ ಹೋದ್ರೂ ಇಷ್ಟು ಕಾಲು ತೊಳಿಯಂಗಿಲ್ಲ," ಎಂದು ಅವರು ಗೊಣಗುತ್ತಲೇ ತೊಳೆದುಕೊಂಡರು.

ತಾಡಪತ್ರಿ ತೆಗೆದ ಮೇಲೆ ದಿನಕ್ಕೆರಡು ಸಲ ಮೇಲಿನ ಮಣ್ಣು ಕೆದರಿ ಗಾಳಿಯಾಡಿಸುತ್ತಿದ್ದೆ. ಆ ದಿನಗಳಲ್ಲೇ ಆಷಾಢದ ಮಂಗಳವಾರಗಳು ಬಂದವು. ನಮ್ಮ ಕಡೆ ಹೆಣ್ಣುಮಕ್ಕಳು ಆ ದಿನ ಮಣ್ಣಿನ ಗುಳ್ಳವ್ವನನ್ನು ಮಾಡುತ್ತಾರೆ. ಗೇಣುದ್ದದ ದೇವಿ, ಕೆಂಪು ಗುಲಗಂಜಿಯ ಕಣ್ಣು, ಜೋಳದ ಕಾಳಿನ ಸರ. ಸಂಜೆ ಆರತಿ ಮಾಡಿ ಹಾಡುತ್ತಾರೆ. ಮರುದಿನ ಬುತ್ತಿ ಕಟ್ಟಿಕೊಂಡು ಅವಳನ್ನು ಹೊಲಕ್ಕೆ ಒಯ್ದು ಬಿಟ್ಟು ಬರುತ್ತಾರೆ. ನಮ್ಮ ಅತ್ತೆಯದೊಂದು ಕಟ್ಟಳೆ ಇತ್ತು. ಗುಳ್ಳವ್ವನಿಗೆ ಎಲ್ಲಿಯದೋ ಮಣ್ಣು ನಡೆಯುವುದಿಲ್ಲ, ಆ ಮನೆಯ ಹೆಂಗಸು ಕೈಯಾಡಿಸಿದ ಮಣ್ಣೇ ಬೇಕು. ಪ್ರತಿ ವರ್ಷದಂತೆ ಗುರವ್ವ ನನ್ನ ಹಳೆಯ ಮಡಿಯಿಂದಲೇ ಬುಟ್ಟಿ ತುಂಬಿ ತಂದಳು. ಜರಡಿ ಹಿಡಿದು, ಗೊಬ್ಬರ ಕೂಡಿಸಿ, ಬೆಣ್ಣೆಯಂತೆ ಮಾಡಿದ ಮಣ್ಣು ಅದು. ಗುಳ್ಳವ್ವನ ಮೂಗು ಸಹ ಚಂದ ಮೂಡುತ್ತದೆ.

ನಾನು ಅದನ್ನು ಕಣ್ಣಾರೆ ಕಂಡೆ. ಬುಟ್ಟಿಯನ್ನು ಹಗುರ ಮಾಡಲು ಒಂದು ಕೈ ಹಿಡಿದವಳೂ ನಾನೇ. ಕುರ್ಪಿಯ ಅಂಚಿನ ಧೂಳನ್ನೂ ಬಿಡದ ನನಗೆ ಏನೂ ಅನಿಸಲಿಲ್ಲ. ಅದು ಗುಳ್ಳವ್ವ, ಅವಳನ್ನು ಮಣ್ಣು ಎಂದು ಎಣಿಸುವುದು ನನಗೆ ಹೊಳೆಯಲೇ ಇಲ್ಲ.

ಆಷಾಢ ಮುಗಿಯುತ್ತಿದ್ದಂತೆ ಈರಯ್ಯನವರು ಬಂದು ಮಡಿಯ ಮಣ್ಣನ್ನು ಒಂದು ಗಾಜಿನ ಗ್ಲಾಸಿಗೆ ತುಂಬಿ, "ಸಾಸಿವಿ ಕೊಡ್ರಿ" ಎಂದರು. ಸಾಸಿವೆಯೂ ಕೋಬಿಯ ಕುಲದ್ದೇ ಅಂತೆ. ಔಷಧದ ಗಾಳಿ ಉಳಿದಿದ್ದರೆ ಸಾಸಿವೆ ಮೊಳೆಯುವುದಿಲ್ಲ.

"ಒಗ್ಗರಣಿ ಡಬ್ಬಿಗೂ ಕೈ ಹಾಕಿದ್ರೇನು ಅಯ್ಯನೋರ," ಎಂದರು ಅತ್ತೆ. "ನಾಳೆ ಉಪ್ಪು ಬಿತ್ತೂಣು ಅಂತೀರಿ."

ಗ್ಲಾಸನ್ನು ಅಡಿಗೆಮನೆಯ ಗೂಡಿನಲ್ಲಿಟ್ಟೆ. ಹಿಟ್ಟು ನಾದುವಾಗ ನೋಡಿದೆ, ಹಾಲು ಕಾಸುವಾಗ ನೋಡಿದೆ. ಮೂರನೆಯ ದಿನ ಬೆಳಿಗ್ಗೆ ನನಗಿಂತ ಮೊದಲು ನೋಡಿದವರು ಅತ್ತೆ. "ಬಾ ಬೇ ಇಲ್ಲಿ," ಎಂದು ಕರೆದರು. ಗ್ಲಾಸಿನ ತುಂಬ ಹಸಿರು ಚುಕ್ಕೆ. ಅವರು ಬೆರಳಿನಿಂದ ಒಂದೊಂದನ್ನೇ ಮುಟ್ಟಿ ಎಣಿಸುತ್ತಿದ್ದರು.

ಪಂಚಮಿ ಮುಗಿದ ಮರುದಿನ ಕೋಬಿ ಬೀಜ ಬಿತ್ತಿದೆ. ಐದನೆಯ ದಿನ ಮಡಿಯ ಮೇಲೆ ಹಸಿರು ಗೆರೆಗಳು ಮೂಡಿದವು. ಎಂಟನೆಯ ದಿನ ಒಂದೂ ಮಲಗಿರಲಿಲ್ಲ. ಹಿಂದಿನ ವರ್ಷ ಎಂಟನೆಯ ದಿನವೇ ಅರ್ಧ ಹೋಗಿದ್ದವು. ಬಬಲೇಶ್ವರಕ್ಕೆ ಹೋಗುವವರೊಬ್ಬರ ಕೈಯಲ್ಲಿ ನನ್ನ ಅಣ್ಣ ಶಂಕ್ರೆಪ್ಪನಿಗೆ ಹೇಳಿ ಕಳಿಸಿದೆ: ಗಣಪತಿ ಕಳಿಸಿದ ಮೇಲೆ ಬಂಡಿ ಹೂಡಿಕೊಂಡು ಬಾ, ನಿನಗೂ ಅಗಿ ಕೊಡುತ್ತೇನೆ. ಆ ದಿನಗಳಲ್ಲಿ ನಾನು ನಡೆಯುತ್ತಿರಲಿಲ್ಲ, ಓಡುತ್ತಿದ್ದೆ. ಕೊಡ ಹೊತ್ತರೂ ಓಡುತ್ತಿದ್ದೆ.

ಹನ್ನೆರಡನೆಯ ದಿನ ಮಾವನವರೇ ಕರೆದರು. ಮಡಿಯ ನಡುವೆ, ಹಿಟ್ಟು ನಾದುವ ಪರಾತದಷ್ಟು ಅಗಲದ ದುಂಡು ಜಾಗದಲ್ಲಿ ಸಸಿಗಳೆಲ್ಲ ಮಲಗಿದ್ದವು. ಬುಡ ಕಂದು, ನೂಲಿನಷ್ಟು ಸಣ್ಣ.

"ಬಂತು ನೋಡು," ಎಂದರು ಮಾವ. ಅವರ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. "ಇನ್ನ ನಾಕು ದಿನಕ್ಕ ಮಡಿ ಎಲ್ಲಾ ಹೋಗತೈತಿ. ಬಿಡು ಯವ್ವಾ."

ನಾನು ಮಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತೆ. ಕಣ್ಣಲ್ಲಿ ನೀರು ಬರುವ ಮೊದಲು ಒಂದು ವಿಷಯ ಕಂಡಿತು. ಹಿಂದಿನ ವರ್ಷಗಳಲ್ಲಿ ಸಸಿಗಳು ಅಲ್ಲಿಷ್ಟು ಇಲ್ಲಿಷ್ಟು, ಮಡಿಯ ತುಂಬ ಸಾಯುತ್ತಿದ್ದವು. ಈಗ ಸತ್ತಿದ್ದು ಒಂದೇ ಕಡೆ, ಅಳೆದು ಇಟ್ಟಂತೆ ದುಂಡಗೆ. ಹೊರಗಿನವೆಲ್ಲ ನೆಟ್ಟಗೆ ನಿಂತಿದ್ದವು. ದುಂಡಿನ ನಟ್ಟನಡುವೆ ಬೆರಳು ಹಾಕಿದೆ. ಮೇಲೆ ಸಡಿಲ ಮಣ್ಣು, ಕೆಳಗೆ ಬೆಣ್ಣೆಯಂಥ ಜಿಗಟು. ಬೆರಳಿಗೆ ಗಟ್ಟಿಯಾದದ್ದೇನೋ ತಾಗಿತು. ತೆಗೆದು ಉಜ್ಜಿದೆ. ಗುಲಗಂಜಿ. ಅದರ ಹತ್ತಿರವೇ ಇನ್ನೊಂದು.

ಗುಳ್ಳವ್ವನ ಎರಡು ಕಣ್ಣು.

ಕೊನೆಯ ಮಂಗಳವಾರದ ಮರುದಿನ ಹೊಲಕ್ಕೆ ಹೋದ ಗುರವ್ವ ಉಗುರುಗಳ ತುಂಬ ಮಣ್ಣು ಮಾಡಿಕೊಂಡು ಬಂದಿದ್ದು ನೆನಪಾಯಿತು. ಅಂದಿನಿಂದ ನಾಲ್ಕೈದು ಸಲ ಅವಳು "ಅವ್ವಾ" ಎಂದು ಶುರು ಮಾಡಿ, ನಾನು "ಏನವ್ವಾ" ಎಂದ ಕೂಡಲೇ "ಏನಿಲ್ಲ" ಎಂದದ್ದೂ ನೆನಪಾಯಿತು. ಅಜ್ಜನ ನಿಂಬೆಯ ಮಾತು ಕೇಳಿದ್ದ ಕೂಸು, ನನ್ನ ಮಡಿಯನ್ನು ಕಾಯಲು ತನ್ನ ದೇವಿಯನ್ನು ಯಾರಿಗೂ ಕಾಣದಂತೆ ಒಳಗೆ ಕೂಡ್ರಿಸಿತ್ತು.

ನನಗೆ ಅಳಬೇಕೋ ಎದ್ದು ಕುಣಿಯಬೇಕೋ ತಿಳಿಯಲಿಲ್ಲ. ಜಡ್ಡು ಮಣ್ಣಿನಲ್ಲೇ ಇತ್ತು. ಹಳೆಯ ಮಣ್ಣು ಬಂದ ಕಡೆ ಮಾತ್ರ ಸಸಿ ಸತ್ತಿತ್ತು, ತೊಳೆದ ಮಣ್ಣಿನಲ್ಲಿ ಬದುಕಿತ್ತು. ಬಾಟಲಿ ಕೆಲಸ ಮಾಡಿತ್ತು.

"ಮಾವನೋರ, ಇದು ಹಳೆ ಮಡಿ ಮಣ್ಣು," ಎಂದೆ. "ಇಲ್ಲಿ ಅಷ್ಟ ಬಂದು ಬಿದ್ದೈತಿ. ಇದನ್ನ ತಗದ್ರ ಉಳದದ್ದು ಉಳೀತೈತಿ."

"ಇಷ್ಟು ಕಾಲು ತೊಳಸಿದೀ ಎಲ್ಲಾರದ್ದೂ. ಹಳೆ ಮಣ್ಣು ತಂದವರು ಯಾರು?"

ಬೇವಿನ ಗಿಡದ ಹಿಂದೆ ಗುರವ್ವನ ಲಂಗದ ಅಂಚು ಕಾಣುತ್ತಿತ್ತು. ಅದು ಅಲುಗಾಡಲಿಲ್ಲ.

"ನನ್ನ ಕೈಯಾಗ ತಪ್ಪಾತ್ರಿ," ಎಂದೆ. ಬುಟ್ಟಿಗೆ ಕೈ ಹಿಡಿದವಳು ನಾನಲ್ಲವೇ, ಸುಳ್ಳೇನೂ ಆಗಲಿಲ್ಲ. ಗುಲಗಂಜಿಗಳನ್ನು ಸೊಂಟದ ಸಂಚಿಗೆ ಹಾಕಿಕೊಂಡೆ.

ಗುರವ್ವನ ಅಪ್ಪ ಈರಯ್ಯನವರನ್ನು ಕರೆಯಲು ಓಡಿದರು. ಅವರು ಬಂದವರೇ ಸೈಕಲ್ಲನ್ನು ಬೇಲಿಗೆ ಒಗೆದು ಮಡಿಯ ಮೇಲೆ ಬಾಗಿದರು. "ಔಷಧ ಮತ್ತ ಹಾಕಬಾರದು, ಮಗ್ಗಲದ ಅಗಿ ಸಾಯತಾವು. ಕತ್ತರಿಸಿ ತಗೀಬೇಕು. ಸುತ್ತ ಒಂದು ಗೇಣು ಚಲೋ ಅಗೀನೂ ಬಿಡಬ್ಯಾಡ್ರಿ." ಜೀವಂತ ಸಸಿಗಳನ್ನೂ ಕಿತ್ತೆವು. ಮೊಳದುದ್ದ ಆಳಕ್ಕೆ ಅಗೆದು, ಒಂದು ಕಾಳು ಚೆಲ್ಲದಂತೆ ಬುಟ್ಟಿಯಲ್ಲಿ ತುಂಬಿ, ದೂರದ ದಿಬ್ಬದಾಚೆ ಒಯ್ದು ಸುರಿದೆವು. ಬುಟ್ಟಿ ಹೊತ್ತವರು ಮಾವನವರೇ. "ಇನ್ನ ನನ್ನ ಕಾಲು ತೊಳೀಬೇಕೇನು?" ಎಂದು ಬಂದು ತಾವೇ ಚಪ್ಪಲಿ ಬಿಟ್ಟು ನಿಂತರು.

ಆಮೇಲಿನ ನಾಲ್ಕು ದಿನ ನಾನು ಏಳುತ್ತಲೇ ಮಡಿಗೆ ಓಡಿದೆ. ಮೊದಲ ದಿನ ಗುಂಡಿಯ ಅಂಚಿನಲ್ಲಿ ಎರಡು ಸಸಿ ಮಲಗಿದ್ದವು. ಸುತ್ತಲಿನ ಮಣ್ಣಿನ ಸಮೇತ ತೆಗೆದೆ. ಎರಡನೆಯ ದಿನ ಒಂದು. ಮೂರನೆಯ ದಿನ ಯಾವುದೂ ಇಲ್ಲ. ನಾಲ್ಕನೆಯ ದಿನ ಮಡಿಯ ಹತ್ತಿರ ಹೋದರೆ ಮಾವನವರು ಆಗಲೇ ಅಲ್ಲಿ ಕುಳಿತು, ಬಗ್ಗಿ, ಒಂದೊಂದೇ ಸಾಲಿನ ಬುಡ ನೋಡುತ್ತಿದ್ದರು. "ನಿಂತಾವ," ಎಂದರು. ಅಷ್ಟೇ. ನಾನು ಮನೆಗೆ ಬಂದು ಅವತ್ತಿನ ರೊಟ್ಟಿಗೆ ಎರಡು ಸಲ ಉಪ್ಪು ಹಾಕಿದೆ.

ಅಣ್ಣನ ಬಂಡಿ ಬಂದಾಗ ಸಸಿಗಳು ಗೇಣುದ್ದ ಬೆಳೆದು, ಬುಡ ಪೆನ್ಸಿಲಿನಂತೆ ಗಟ್ಟಿಯಾಗಿದ್ದವು. ಇಷ್ಟಾದ ಮೇಲೆ ಹೊಲದ ಮಣ್ಣಿಗೆ ಇಟ್ಟರೂ ಆ ಜಡ್ಡಿಗೆ ಅಷ್ಟು ಹೆದರಬೇಕಿಲ್ಲ ಎಂದಿದ್ದರು ಈರಯ್ಯನವರು. ಶಂಕ್ರೆಪ್ಪಣ್ಣ ಬಂಡಿ ಇಳಿಯುವ ಮೊದಲೇ ಮಡಿ ನೋಡಿ ಕಣ್ಣರಳಿಸಿದ.

"ತಂಗೀ, ಇಷ್ಟೆಲ್ಲಾ ನಿನ್ನವೇನು? ಹೋದ ವರ್ಷ ನಾಕು ಅಗಿ ಕೊಡಾಕ ನಾಕು ದಿನ ಅತ್ತಿದ್ದೀ."

"ನಿನ್ನ ಹೊಲಕ್ಕ ಬರೋಬ್ಬರಿ ಆಗೂವಷ್ಟು ಐತಿ. ಮೊದಲ ಕಾಲು ತೊಳಕೋ."

"ಯಪ್ಪಾ, ತಂಗಿ ಮನಿಗೆ ಬಂದ್ರ ಕಾಲಿಗೆ ನೀರು ಕೊಡತಾರ ಖರೆ, ಹೊಲದಾಗ ಕೊಡೂದು ಇವತ್ತ ನೋಡಿದೆ."

ಮಾವನವರು ಬಾವಿಕಟ್ಟೆಯ ಮೇಲಿಂದ ಎಲ್ಲರಿಗೂ ಕೇಳುವಂತೆ ಹೇಳಿದರು. "ನಿಂಬಿ ಆ ದಿಬ್ಬದ ಕಡೆ ಹಚ್ಚೂಣು. ಈ ತುಂಡಿನ ಮಾತು ಇನ್ನ ನನ್ನ ಮುಂದ ತರಬ್ಯಾಡ್ರಿ, ನಮ್ಮ ಸೊಸೀನ ಕೇಳ್ರಿ."

ಅತ್ತೆ ಮುಖ ಆ ಕಡೆ ತಿರುಗಿಸಿಕೊಂಡು, ಸಸಿ ಸುತ್ತುವ ಒದ್ದೆ ಗೋಣಿತಟ್ಟನ್ನು ಇನ್ನಷ್ಟು ಜೋರಾಗಿ ಹಿಂಡಿದರು. ನಾನು ನೂರು ನೂರು ಸಸಿಗಳ ಕಟ್ಟು ಕಟ್ಟುತ್ತಿದ್ದೆ. ಗುರವ್ವ ಎಣಿಸಿ ಕೊಡುತ್ತಿದ್ದಳು. ಈಗ ಅವಳಿಗೆ ನೂರರ ತನಕ ತಪ್ಪಿಲ್ಲದೆ ಬರುತ್ತಿತ್ತು. ಕಟ್ಟಿಗೆ ದಾರ ಸಾಲದೆ, ಸೊಂಟದ ಸಂಚಿಯಲ್ಲಿ ಒಂದು ಎಳೆ ಇಟ್ಟದ್ದು ನೆನಪಾಗಿ ಬಿಚ್ಚಿದೆ. ದಾರದ ಜೊತೆ ಎರಡು ಕೆಂಪು ಗುಲಗಂಜಿ ನನ್ನ ಅಂಗೈಗೆ ಉರುಳಿದವು.

ಗುರವ್ವನ ಎಣಿಕೆ ಅರವತ್ತೆರಡಕ್ಕೆ ನಿಂತಿತು.

ನಾನು ಮುಷ್ಟಿ ಮುಚ್ಚಲಿಲ್ಲ. ಅವಳು ಗುಲಗಂಜಿ ನೋಡಿದಳು, ಮಡಿಯ ನಡುವಿನ ಗುಂಡಿ ನೋಡಿದಳು, ಬಂಡಿಯಲ್ಲಿ ತುಂಬಿದ ಹಸಿರನ್ನು ನೋಡಿದಳು. ಬಾವಿಕಟ್ಟೆಯ ಮೇಲೆ ಅಜ್ಜ ನಗುತ್ತಿರುವುದನ್ನೂ ನೋಡಿದಳು. ಆಮೇಲೆ ಕೈಯಲ್ಲಿದ್ದ ಸಸಿಗಳನ್ನು ಒದ್ದೆ ತಟ್ಟಿನ ಮೇಲೆ ಮೆಲ್ಲಗೆ ಇಟ್ಟು, ನನ್ನ ಹತ್ತಿರ ಬಂದು ಮೊಣಕಾಲಿಗೆ ಒರಗಿ ಕುಳಿತಳು.

"ಅವ್ವಾ."

"ಏನವ್ವಾ?"

ಈ ಸಲ ಅವಳು ಏನಿಲ್ಲ ಎನ್ನಲಿಲ್ಲ.

"ನಾ ಮಾಡಿದ ಗುಳ್ಳವ್ವಗೂ ಜಡ್ಡು ಇತ್ತೇನು?"